ಬೆನ್ನುಹುರಿಯ ಗಡ್ಡೆ: ಆಪರೇಷನ್‌ಗೆ ವಿದೇಶಕ್ಕೆ ಹೊರಡುವ ಮುನ್ನ

ವಿಜಯಪುರದ ನಮ್ಮ ಕಾಕಾ ಅವರ ಬೆನ್ನಿನ ಎಂಆರ್‌ಐ ವರದಿ ಬಂದ ಸಂಜೆಯೇ ಜರ್ಮನಿಯಲ್ಲಿರುವ ಮಗನ ಫೋನ್ ಬಂತು. ‘ಅಲ್ಲಿ ಏನೂ ಮಾಡಿಸಬ್ಯಾಡ್ರಿ, ಅಪ್ಪಾರನ್ನ ಇಲ್ಲಿಗೇ ಕರ್ಕೊಂಡು ಬರ್ರಿ.’ ಮನೆಮಂದಿಯೆಲ್ಲ ಪಾಸ್‌ಪೋರ್ಟು, ವೀಸಾ, ಬ್ಯಾಂಕಿನ ಕಾಗದ ಎಂದು ಓಡಾಡತೊಡಗಿದೆವು. ಮೂರನೇ ದಿನ ಬೆಳಿಗ್ಗೆ ಬಚ್ಚಲಿಗೆ ಹೋದ ಕಾಕಾ ಗೋಡೆ ಹಿಡಿದು ನಿಂತರು. ‘ಕಾಲಾಗ ಶಕ್ತಿನ ಇಲ್ದಂಗ ಆಗ್ಯಾದ’ ಎಂದರು. ಅಂದೇ ಹತ್ತಿರದ ಆಸ್ಪತ್ರೆಗೆ ಸೇರಿಸಿದೆವು, ಮರುದಿನ ಆಪರೇಷನ್ ಆಯಿತು. ಈಗ ಕೋಲು ಹಿಡಿದು ನಡೆಯುತ್ತಾರೆ. ಆ ಮೂರು ದಿನ ಕಳೆಯದೇ ಇದ್ದಿದ್ದರೆ ಕೋಲೂ ಬೇಕಾಗುತ್ತಿರಲಿಲ್ಲವೇನೋ ಎಂಬ ಸಂಕಟ ನನಗೆ ಇನ್ನೂ ಇದೆ. ಆದ್ದರಿಂದ ಈ ಲೇಖನದ ಮೊದಲ ಹೆಜ್ಜೆ ಪಾಸ್‌ಪೋರ್ಟಿನದಲ್ಲ.

ಮೊದಲು ಕಾಲು ನೋಡಿ

ಬೆನ್ನುಹುರಿ ಇರುವುದು ಮೂಳೆಯ ಕಿರಿದಾದ ಕೊಳವೆಯೊಳಗೆ. ಅಲ್ಲಿ ಗಡ್ಡೆ ಬೆಳೆದರೆ ಹುರಿಗೆ ಸರಿದುಕೊಳ್ಳಲು ಜಾಗವಿಲ್ಲ, ಅದು ಒತ್ತಿಹೋಗುತ್ತದೆ. ಆ ಒತ್ತಡ ಇಳಿಸುವುದೇ ‘ಡಿಕಂಪ್ರೆಷನ್’: ಹಿಂಭಾಗದ ಮೂಳೆಯ ಕಮಾನು ತೆಗೆದು, ಗಡ್ಡೆಯನ್ನು ಸಾಧ್ಯವಾದಷ್ಟು ಬಿಡಿಸಿ, ಬೆನ್ನು ಸಡಿಲವಾಗಿದ್ದರೆ ಸ್ಕ್ರೂ, ರಾಡ್ ಹಾಕಿ ನಿಲ್ಲಿಸುತ್ತಾರೆ.

ಕಾಲು ಭಾರವಾಗುವುದು, ನಡಿಗೆ ತಪ್ಪುವುದು, ಎದೆ ಅಥವಾ ಹೊಟ್ಟೆಯ ಸುತ್ತ ಪಟ್ಟಿ ಬಿಗಿದಂತಾಗುವುದು, ಮೂತ್ರ ಕಟ್ಟುವುದು, ಕೂರುವ ಜಾಗ ಮರಗಟ್ಟುವುದು: ಇವುಗಳಲ್ಲಿ ಒಂದು ಕಂಡರೂ ವಿದೇಶದ ಮಾತು ಬದಿಗಿಡಿ. ಬೆಳಗಾವಿಯ ಕೆಎಲ್‌ಇ, ವಿಜಯಪುರದ ಬಿಎಲ್‌ಡಿಇಯಂಥ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ಫೋನ್ ಮಾಡಿ, ‘ನ್ಯೂರೋ ಸರ್ಜನ್ ಇವತ್ತು ಇದ್ದಾರೆಯೇ?’ ಎಂದು ಕೇಳಿ ಹೊರಡಿ. ಊತ ಇಳಿಸಲು ಡೆಕ್ಸಾಮೆಥಾಸೋನ್ ಎಂಬ ಸ್ಟಿರಾಯ್ಡ್ ಕೊಡಬೇಕೇ ಎಂಬುದನ್ನು ಅಲ್ಲಿನ ವೈದ್ಯರು ತೀರ್ಮಾನಿಸುತ್ತಾರೆ.

ಈ ಅವಸರಕ್ಕೆ ಆಧಾರವಿದೆ. ಬೇರೆಡೆಯ ಕ್ಯಾನ್ಸರ್ ಹರಡಿ ಹುರಿ ಒತ್ತಿಹೋದ 101 ರೋಗಿಗಳ ಮೇಲೆ ಅಮೆರಿಕದಲ್ಲಿ ನಡೆದ ಅಧ್ಯಯನವೊಂದು 2005ರಲ್ಲಿ ಪ್ರಕಟವಾಯಿತು. ಆಪರೇಷನ್ ಮತ್ತು ರೇಡಿಯೇಷನ್ ಎರಡೂ ಪಡೆದವರಲ್ಲಿ ಶೇ 84 ಮಂದಿ ಚಿಕಿತ್ಸೆಯ ಬಳಿಕ ನಡೆಯಬಲ್ಲವರಾಗಿದ್ದರು. ಬರೀ ರೇಡಿಯೇಷನ್ ಪಡೆದವರಲ್ಲಿ ಶೇ 57. ಕಾಲು ಪೂರ್ತಿ ಬಿದ್ದು 48 ಗಂಟೆ ದಾಟಿದವರನ್ನು ಆ ಅಧ್ಯಯನಕ್ಕೆ ಸೇರಿಸಿಕೊಂಡೇ ಇರಲಿಲ್ಲ. ವೀಸಾಕ್ಕೆ ಎಷ್ಟು ದಿನ ಹಿಡಿಯುತ್ತದೆ ಎಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಿ.

ಒಳಗಿರುವುದು ಏನು?

ಕಾಲಿನಲ್ಲಿ ಶಕ್ತಿಯಿದ್ದು, ವೈದ್ಯರೂ ‘ಟೈಮ್ ಅದ’ ಎಂದರೆ ಮುಂದಿನ ಪ್ರಶ್ನೆ ಇದು. ಹುರಿಯ ಪೊರೆಯೊಳಗೆ, ಆದರೆ ಹುರಿಯ ಹೊರಗೆ ಬೆಳೆಯುವ ಮೆನಿಂಜಿಯೋಮಾ, ಶ್ವಾನೋಮಾ ಸಾಮಾನ್ಯವಾಗಿ ನಿಧಾನದವು, ಹೆಚ್ಚಿನವು ಕ್ಯಾನ್ಸರ್ ಅಲ್ಲ. ವಿದೇಶದ ಯೋಚನೆ ಮಾಡಲು ಬಿಡುವು ಸಿಗುವುದು ಇಂಥವುಗಳಲ್ಲೇ; ಆದರೆ ಇವನ್ನು ತೆಗೆಯುವ ಪರಿಣತಿ ನಮ್ಮ ದೇಶದಲ್ಲೂ ಚೆನ್ನಾಗಿಯೇ ಇದೆ. ಹುರಿಯೊಳಗೇ ಹುಟ್ಟುವ ಎಪೆಂಡಿಮೋಮಾ, ಆಸ್ಟ್ರೋಸೈಟೋಮಾ ಸೂಕ್ಷ್ಮದ ಕೆಲಸ. ಇಲ್ಲಿ ದೇಶಕ್ಕಿಂತ ಕೈ ಮುಖ್ಯ. ಲಿಂಫೋಮಾ, ಮೈಲೋಮಾ ಎಂಬ ರಕ್ತಕಣಗಳ ಕ್ಯಾನ್ಸರ್ ಆಗಿದ್ದರೆ ಎಷ್ಟೋ ಸಲ ಔಷಧ, ರೇಡಿಯೇಷನ್‌ಗೇ ಕರಗುತ್ತವೆ.

ಇನ್ನೊಂದು ಮಾತನ್ನು ಒತ್ತಿ ಹೇಳಬೇಕು. ಬೆನ್ನುಮೂಳೆಯ ಟಿಬಿ ನಮ್ಮ ದೇಶದಲ್ಲಿ ಅಪರೂಪವಲ್ಲ, ಎಂಆರ್‌ಐಯಲ್ಲಿ ಕೆಲವೊಮ್ಮೆ ಕ್ಯಾನ್ಸರಿನಂತೆಯೇ ಕಾಣುತ್ತದೆ, ಬಹಳಷ್ಟು ಮಂದಿಗೆ ಮಾತ್ರೆಯಿಂದಲೇ ವಾಸಿಯಾಗುತ್ತದೆ. ಮೂಳೆಯಲ್ಲಿ ಗಡ್ಡೆ ಎಂದಾಗ ಬಯಾಪ್ಸಿ (ಗಡ್ಡೆಯ ಚೂರು ತೆಗೆದು ಪರೀಕ್ಷಿಸುವುದು) ಮತ್ತು ಟಿಬಿ ಪತ್ತೆಹಚ್ಚುವ ಸಿಬಿನ್ಯಾಟ್ ಪರೀಕ್ಷೆ ಬೇಕೇ ಎಂದು ಕೇಳದೆ ಟಿಕೆಟ್ ತೆಗೆಸಬೇಡಿ.

ರೋಗಿಗಿಂತ ಮುಂಚೆ ಫೈಲು ಹೋಗಲಿ

ಎಂಆರ್‌ಐ ಫಿಲ್ಮಿನ ಮೊಬೈಲ್ ಫೋಟೋ ಯಾವ ಸರ್ಜನ್‌ಗೂ ಸಾಲದು. ಸ್ಕ್ಯಾನ್ ಕೇಂದ್ರದಿಂದ ಡೈಕಾಮ್ ರೂಪದ (ಸ್ಕ್ಯಾನಿನ ಮೂಲ ಚಿತ್ರಗಳಿರುವ) ಸಿಡಿ ಕೇಳಿ ತೆಗೆದುಕೊಳ್ಳಿ. ಇಡೀ ಬೆನ್ನಿನದು, ಕಾಂಟ್ರಾಸ್ಟ್ (ಗಡ್ಡೆ ಎದ್ದು ಕಾಣಲು ನರಕ್ಕೆ ಕೊಡುವ ಔಷಧ) ಹಾಕಿದ್ದು ಇರಲಿ. ಬಯಾಪ್ಸಿ ಆಗಿದ್ದರೆ ವರದಿಯ ಜತೆ ಸ್ಲೈಡ್ ಮತ್ತು ಮೇಣದ ಬ್ಲಾಕ್ ಕೂಡ ಪಡೆಯಿರಿ. ಇದನ್ನು ಮೊದಲು ಬೆಂಗಳೂರಿನ ನಿಮ್ಹಾನ್ಸ್, ಮುಂಬೈನ ಟಾಟಾ ಮೆಮೋರಿಯಲ್ ಅಥವಾ ವೆಲ್ಲೂರಿನ ಸಿಎಂಸಿಗೆ ತೋರಿಸಿ. ಗೋಲಗುಮ್ಮಟ ಎಕ್ಸ್‌ಪ್ರೆಸ್ ಹತ್ತಿದರೆ ಒಂದು ರಾತ್ರಿಯಲ್ಲಿ ಬೆಂಗಳೂರು. ರೋಗಿ ಮನೆಯಲ್ಲೇ ಇರಲಿ, ಫೈಲು ಹಿಡಿದು ಒಬ್ಬರು ಹೋದರೂ ಎಷ್ಟೋ ವಿಷಯ ತಿಳಿಯುತ್ತದೆ.

ಬೆನ್ನುಮೂಳೆಯಲ್ಲಿ ಹುಟ್ಟುವ ಕಾರ್ಡೋಮಾದಂಥ ಗಡ್ಡೆಗೆ ಪ್ರೋಟಾನ್ ಚಿಕಿತ್ಸೆ (ಒಂದು ಬಗೆಯ ರೇಡಿಯೇಷನ್) ಬೇಕೆಂದು ಹಿಂದೆ ವಿದೇಶಕ್ಕೇ ಹೋಗಬೇಕಿತ್ತು. 2019ರಿಂದ ಅದು ಚೆನ್ನೈನಲ್ಲೇ ಇದೆ, ನವಿ ಮುಂಬೈನಲ್ಲಿ ಟಾಟಾದವರದೂ ಶುರುವಾಗಿದೆ.

ವಿದೇಶದ ಆಸ್ಪತ್ರೆಗೆ ಹೀಗೆ ಕೇಳಿ: ಚಾಕು ಹಿಡಿಯುವವರು ಯಾರು? ಇದೇ ಬಗೆಯ ಗಡ್ಡೆ ವರ್ಷಕ್ಕೆ ಎಷ್ಟು ತೆಗೆಯುತ್ತಾರೆ? ಆಪರೇಷನ್ ನಡೆಯುವಾಗ ನರಗಳ ಸಂಕೇತ ಗಮನಿಸುವ ನ್ಯೂರೋ ಮಾನಿಟರಿಂಗ್ ಇದೆಯೇ? ಇಲ್ಲಿ ಹೇಳಿದ್ದಕ್ಕಿಂತ ಬೇರೆ ಏನು ಮಾಡುತ್ತೀರಿ? ಕೊನೆಯದಕ್ಕೆ ತಿಳಿಯುವಂಥ ಉತ್ತರ ಬರದಿದ್ದರೆ ಹೋಗಬೇಡಿ ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ.

ಹಣದ ಲೆಕ್ಕ

ದ್ರಾಕ್ಷಿ ತೋಟ ಒತ್ತೆ ಇಡುವ ಮುಂಚೆ ಲಿಖಿತ ಅಂದಾಜು ತರಿಸಿ. ಐಸಿಯು, ರಾಡ್, ರೇಡಿಯೇಷನ್, ಫಿಜಿಯೋಥೆರಪಿ, ಜತೆಗಿರುವವರ ವಸತಿ, ಎರಡನೇ ಆಪರೇಷನ್ ಬಂದರೆ ಎಷ್ಟು ಎಂಬುದೂ ಅದರಲ್ಲಿರಲಿ. ರಿಸರ್ವ್ ಬ್ಯಾಂಕಿನ ಎಲ್‌ಆರ್‌ಎಸ್ ಯೋಜನೆಯಲ್ಲಿ ಒಬ್ಬರು ಒಂದು ಆರ್ಥಿಕ ವರ್ಷದಲ್ಲಿ 2,50,000 ಡಾಲರ್‌ವರೆಗೆ ಕಳಿಸಬಹುದು. ಚಿಕಿತ್ಸೆಗೆ ಅದಕ್ಕೂ ಹೆಚ್ಚು ಬೇಕಾದರೆ ಆಸ್ಪತ್ರೆಯ ಅಂದಾಜುಪತ್ರ ಕೊಡಬೇಕು. 10 ಲಕ್ಷ ರೂಪಾಯಿ ದಾಟಿದ ಮೊತ್ತಕ್ಕೆ ಬ್ಯಾಂಕ್ ಟಿಸಿಎಸ್ (ಹಣ ಕಳಿಸುವಾಗಲೇ ವಸೂಲಿ ಮಾಡುವ ತೆರಿಗೆ) ಹಿಡಿಯುತ್ತದೆ, ಆದಾಯ ತೆರಿಗೆ ರಿಟರ್ನ್‌ನಲ್ಲಿ ಅದನ್ನು ಹೊಂದಿಸಿಕೊಳ್ಳಬಹುದು. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗಿನ ನೆರವಿದೆ, ಆದರೆ ಅದು ವಿದೇಶದ ಬಿಲ್ಲಿಗೆ ಬರುವುದಿಲ್ಲ. ಖಾಸಗಿ ವಿಮೆಯಲ್ಲೂ ಹೆಚ್ಚಿನವು ಹೊರದೇಶದ ಯೋಜಿತ ಚಿಕಿತ್ಸೆ ಒಪ್ಪುವುದಿಲ್ಲ. ಪಾಲಿಸಿ ತೆಗೆದು ಓದಿ.

ಪ್ರಯಾಣ ಮತ್ತು ವಾಪಸಾತಿ

ಕಾಲು ಆಡಿಸದೆ ತಾಸುಗಟ್ಟಲೆ ಕೂತರೆ ರಕ್ತ ಹೆಪ್ಪುಗಟ್ಟಬಹುದು, ಕ್ಯಾನ್ಸರ್ ಇದ್ದವರಿಗೆ ಆ ಅಪಾಯ ಹೆಚ್ಚು. ಸ್ಟ್ರೆಚರ್ ಬೇಕಿದ್ದರೆ ವಿಮಾನ ಕಂಪನಿಗೆ ವೈದ್ಯರು ತುಂಬಿದ ಮೆಡಿಫ್ ಅರ್ಜಿ ಮುಂಚೆಯೇ ಕೊಡಬೇಕು. ಸ್ಟಿರಾಯ್ಡ್ ಮಾತ್ರೆಯನ್ನು ದಾರಿಯಲ್ಲಿ ಥಟ್ಟನೆ ನಿಲ್ಲಿಸಬಾರದು. ಮರಳಿ ವಿಮಾನ ಹತ್ತುವ ದಿನವನ್ನು ಆಪರೇಷನ್ ಮಾಡಿದವರೇ ಬರೆದುಕೊಡಲಿ.

ಹೊರಡುವ ಮೊದಲೇ ಊರಿನಲ್ಲಿ ಮುಂದೆ ನೋಡಿಕೊಳ್ಳುವ ವೈದ್ಯರನ್ನು ಒಪ್ಪಿಸಿಟ್ಟುಕೊಳ್ಳಿ. ಬರುವಾಗ ಆಪರೇಷನ್ನಿನ ಪೂರ್ಣ ಟಿಪ್ಪಣಿ ಇಂಗ್ಲಿಷಿನಲ್ಲಿ, ಪೆಥಾಲಜಿ ವರದಿ, ರಾಡ್, ಸ್ಕ್ರೂಗಳ ಇಂಪ್ಲಾಂಟ್ ಕಾರ್ಡ್, ಹೊಸ ಎಂಆರ್‌ಐ ಸಿಡಿ ತನ್ನಿ. ರೇಡಿಯೇಷನ್ ಕೊಟ್ಟಿದ್ದರೆ ಎಷ್ಟು ಡೋಸ್, ಯಾವ ಜಾಗಕ್ಕೆ ಎಂಬ ಕಾಗದ ಬಿಡಲೇಬೇಡಿ. ಹುರಿ ತಾಳುವ ಡೋಸ್‌ಗೆ ಮಿತಿಯಿದೆ. ಮುಂದೆ ಮತ್ತೆ ರೇಡಿಯೇಷನ್ ಬೇಕಾದರೆ ಇಲ್ಲಿನ ವೈದ್ಯರು ಮೊದಲು ಕೇಳುವುದೇ ಅದನ್ನು.

ಮನೆಗೆ ಬಂದ ಮೇಲೆ ಹೊಲಿಗೆಯಿಂದ ನೀರಿನಂಥ ದ್ರವ ಸೋರಿದರೆ, ಜ್ವರ ಬಂದರೆ, ಕಾಲಿನ ಶಕ್ತಿ ಮತ್ತೆ ಇಳಿದರೆ ಅಂದೇ ಆಸ್ಪತ್ರೆಗೆ. ತಾವೇ ಹೊರಳಲಾಗದವರನ್ನು ಎರಡೆರಡು ತಾಸಿಗೊಮ್ಮೆ ಮಗ್ಗುಲು ಬದಲಿಸಿ ಮಲಗಿಸಿ, ಬೆನ್ನು ತಿರುಚದಂತೆ, ಇಡೀ ಮೈಯನ್ನು ಒಟ್ಟಿಗೇ ಹೊರಳಿಸಿ. ನಮ್ಮ ಕಾಕಿ ರಾತ್ರಿ ಅಲಾರಂ ಇಟ್ಟುಕೊಂಡು ಎರಡು ತಿಂಗಳು ಇದನ್ನು ಮಾಡಿದರು. ಕಾಕಾಗೆ ಒಂದು ಹುಣ್ಣೂ ಆಗಲಿಲ್ಲ.