ಅಪ್ಪನ ಅಂಬಾಸಿಡರ್‌ಗೆ ಇಸುಝು ಎಂಜಿನ್ ಕೂರಿಸಿದ್ದು

ಅಪ್ಪನ ಅಂಬಾಸಿಡರ್ 1984ರದು, ಮಾರ್ಕ್ 4. ಟಿಳಕವಾಡಿಯ ನಮ್ಮ ಮನೆಯ ಹಿಂದೆ ತಗಡಿನ ಶೆಡ್ಡಿನಲ್ಲಿ ಅದು ಹನ್ನೊಂದು ವರ್ಷ ನಿಂತಿತ್ತು. ಬೆಳಗಾವಿಯ ಮಳೆ ಗೊತ್ತಲ್ವಾ? ಜೂನ್‌ನಲ್ಲಿ ಹಿಡಿದರೆ ಸೆಪ್ಟೆಂಬರ್‌ವರೆಗೆ ಗೋಡೆ ಒಣಗುವುದಿಲ್ಲ. ಹೊರಗಿನಿಂದ ಕಾರು ಚೆನ್ನಾಗಿಯೇ ಕಾಣುತ್ತಿತ್ತು. ಸ್ಟೀರಿಂಗ್ ಕೆಳಗಿನ ಮ್ಯಾಟ್ ಎತ್ತಿದಾಗ ಶೆಡ್ಡಿನ ನೆಲ ಕಂಡಿತು.

ನಾನು ಉದ್ಯಮಬಾಗದ ಒಂದು ಮಷಿನ್ ಶಾಪ್‌ನಲ್ಲಿ ಕೆಲಸ ಮಾಡುತ್ತೇನೆ. ಲೇತ್, ಮಿಲ್ಲಿಂಗ್ ಎರಡೂ ಬರುತ್ತದೆ. ಕಾರಿನ ಮೆಕ್ಯಾನಿಕ್ ಅಲ್ಲ. ಆದರೆ ಫೌಂಡ್ರಿ, ಲೇತ್, ಗ್ರೈಂಡಿಂಗ್ ಎಲ್ಲವೂ ಕೂಗಳತೆಯಲ್ಲಿ ಸಿಗುವ ಊರು ನಮ್ಮದು. ಅದಕ್ಕೇ ಕೈಹಾಕುವ ಧೈರ್ಯ ಬಂತು. ಪ್ರತಿ ವರ್ಷ ಭರತ ಹುಣ್ಣಿಮೆಗೆ ನಾವು ಸವದತ್ತಿ ಎಲ್ಲಮ್ಮನ ಗುಡ್ಡಕ್ಕೆ ಹೋಗುತ್ತಿದ್ದದ್ದು ಇದೇ ಕಾರಿನಲ್ಲಿ. ಮುಂದಿನ ಸೀಟಿನಲ್ಲಿ ಮೂವರು, ಹಿಂದೆ ಎಷ್ಟು ಜನ ಹಿಡಿಸಿದರೆ ಅಷ್ಟು. ಅದನ್ನು ಗುಜರಿಗೆ ಕೊಡಲು ಮನಸ್ಸಾಗಲಿಲ್ಲ. ಶೋಪೀಸ್ ಮಾಡಿ ನಿಲ್ಲಿಸುವ ಆಸೆಯೂ ಇರಲಿಲ್ಲ. ಓಡಿಸಬೇಕಿತ್ತು. ಗೋವಾಕ್ಕೆ, ಬೆಂಗಳೂರಿಗೆ, ಘಾಟ್ ಹತ್ತಿಸಿ ಓಡಿಸಬೇಕಿತ್ತು.

ಹಳೆಯ ಎಂಜಿನ್ 1489 ಸಿಸಿಯದು. ಬೋರ್ (ಸಿಲಿಂಡರಿನ ಅಗಲ) 73 ಮಿಮೀ, ಸ್ಟ್ರೋಕ್ (ಪಿಸ್ಟನ್ ಓಡುವ ದೂರ) ಸುಮಾರು 89. ಕಿರಿದಾದ ಸಿಲಿಂಡರ್, ಉದ್ದನೆಯ ಹೊಡೆತ. ನಿಧಾನಕ್ಕೆ ಎಳೆಯಲು ಅದು ಒಳ್ಳೆಯದು, ಆದರೆ ಹೆದ್ದಾರಿಯಲ್ಲಿ ಗಂಟೆಗೆ 80 ದಾಟಿದರೆ ಉಸಿರು ಕಟ್ಟಿದಂತಾಗುತ್ತದೆ. ನಮ್ಮದರ ಕ್ರ್ಯಾಂಕ್ (ಪಿಸ್ಟನ್‌ಗಳು ತಿರುಗಿಸುವ ದಂಡ) ಗ್ರೈಂಡಿಂಗ್ ಆಗಿ ಆಗಿ ಕೊನೆಯ ಅಂಡರ್‌ಸೈಜ್‌ಗೆ ಬಂದು ನಿಂತಿತ್ತು, ಇನ್ನು ಸವೆಸುವಂತಿರಲಿಲ್ಲ. ವಾಲ್ವ್ ಸೀಟುಗಳನ್ನು ಸವೆತದಿಂದ ಕಾಯುತ್ತಿದ್ದ ಸೀಸ ಬೆರೆಸಿದ ಪೆಟ್ರೋಲ್ 2000ದಲ್ಲೇ ನಿಂತಿದ್ದರಿಂದ ಆ ಸೀಟುಗಳೂ ಒಳಗೆ ಇಳಿದಿದ್ದವು. ಸ್ಲೀವ್ ಹಾಕಿಸಿ, ಗಟ್ಟಿ ಸೀಟ್ ಕೂರಿಸಿ ಉಳಿಸಬಹುದಿತ್ತು. ಮೂಲ ಎಂಜಿನ್ನೇ ಇರಬೇಕು ಎನ್ನುವವರ ಮಾತಿಗೂ ಬೆಲೆ ಇದೆ. ನನಗೆ ಬೇಕಾಗಿದ್ದದ್ದು ಐದನೇ ಗೇರು ಮತ್ತು ಒಳ್ಳೆಯ ಬ್ರೇಕು.

ಕೆಲವರು ಬೇರೆ ಕಂಪನಿಯ ಡೀಸೆಲ್ ಎಂಜಿನ್ ಹೇಳಿದರು. ನಾನು ಜಪಾನಿನ ಇಸುಝು ಕಂಪನಿಯ 1817 ಸಿಸಿ ಪೆಟ್ರೋಲ್ ಆರಿಸಿಕೊಂಡೆ. ಬೋರ್ 84, ಸ್ಟ್ರೋಕ್ 82. ಕ್ಯಾಮ್ ಶಾಫ್ಟ್ ಹೆಡ್ ಮೇಲೆಯೇ ಇದೆ, 75 ಬಿಎಚ್‌ಪಿ ಕೊಡುತ್ತದೆ. ಎಲ್ಲಕ್ಕಿಂತ ದೊಡ್ಡ ಕಾರಣ ಬೇರೆ. ಇದೇ ಎಂಜಿನ್ನನ್ನು ಐದು ಗೇರಿನ ಡಬ್ಬಿಯ ಜೊತೆ ಅಂಬಾಸಿಡರ್ ತಯಾರಿಸುತ್ತಿದ್ದ ಹಿಂದೂಸ್ತಾನ್ ಮೋಟಾರ್ಸ್‌ನವರೇ 90ರ ದಶಕದಲ್ಲಿ ಇದೇ ಕಾರಿಗೆ ಹಾಕಿ 1800 ಐಎಸ್‌ಝಡ್ ಎಂದು ಮಾರಿದ್ದರು. ಅಂದರೆ ಈ ಬಾಡಿಯಲ್ಲಿ ಈ ಎಂಜಿನ್ ಎಲ್ಲಿ ಕೂರಬೇಕು ಎಂಬುದಕ್ಕೆ ಉತ್ತರ ಆಗಲೇ ಇತ್ತು. ನಾನು ಅಳತೆ ತೆಗೆದುಕೊಂಡರೆ ಸಾಕಿತ್ತು.

ಕಾಗದದ ಕೆಲಸಕ್ಕೂ ಇದೇ ನೆರವಾಯಿತು. ಎಂಜಿನ್ ಬದಲಾದರೆ 14 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು ಎಂದು ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಹೇಳುತ್ತದೆ. ಕಂಪನಿಯ ಮೂಲ ವಿವರಕ್ಕೆ ಹೊಂದದ ಬದಲಾವಣೆ ನಡೆಯದು ಎಂದು 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಹೇಳಿದೆ. ಹಾಗಾಗಿ ಒಂದು ಬೋಲ್ಟ್ ಬಿಚ್ಚುವ ಮೊದಲೇ ಆರ್‌ಟಿಒ ಕಚೇರಿಗೆ ಹೋಗಿ ಅರ್ಜಿ ಕೊಟ್ಟೆ. ಅದೇ ಕಂಪನಿ, ಅದೇ ಮಾದರಿ, ಅದೇ ಇಂಧನ ಎಂದು ತೋರಿಸಲು ಆಯಿತು. ಬಿಡಿಭಾಗಕ್ಕಾಗಿ ಮೀರಜ್ ಕಡೆ ಅಪಘಾತವಾಗಿ ನಿಂತಿದ್ದ 1800 ಒಂದನ್ನು ಕೊಂಡೆ. ಅದರ ನೋಂದಣಿ ರದ್ದಾದ ಪತ್ರ ಮತ್ತು ಮಾರಾಟದ ರಸೀದಿ ಕೈಗೆ ಬರುವವರೆಗೆ ದುಡ್ಡು ಪೂರ್ತಿ ಕೊಡಲಿಲ್ಲ. ಎಂಜಿನ್ ನಂಬರ್ ಯಾವ ಗಾಡಿಯದು ಎಂದು ಕೇಳಿದಾಗ ಆ ಪತ್ರ ಇಲ್ಲದಿದ್ದರೆ ಮಾಡಿದ ಕೆಲಸವೆಲ್ಲ ನೀರಿನಲ್ಲಿ ಹೋಮ. ವಿಮೆಯವರಿಗೂ ಬರೆದು ತಿಳಿಸಿ.

ಇನ್ನು ಬಾಡಿ. ಇಡೀ ಕೆಲಸದಲ್ಲಿ ಅತಿ ಹೆಚ್ಚು ದಿನ ತಿಂದದ್ದು ಇದೇ. ಅಂಬಾಸಿಡರ್‌ಗೆ ಲಾರಿಯ ಹಾಗೆ ಬೇರೆ ಚಾಸಿ ಇಲ್ಲ. ಬಾಡಿಯೇ ಚಾಸಿ. ಬಾಗಿಲ ಕೆಳಗಿನ ಉದ್ದನೆಯ ಡಬ್ಬಿಯಂಥ ಪತ್ರಾ (ತಗಡು) ಇದೆಯಲ್ಲ, ಕಾರಿನ ಭಾರ ಹೊರುವುದರಲ್ಲಿ ಅದರ ಪಾಲು ದೊಡ್ಡದು. ನಮ್ಮ ಕಾರಿನಲ್ಲಿ ಎರಡೂ ಬದಿಯದು ಒಳಗಿನಿಂದ ಜಂಗು ತಿಂದು ಹಪ್ಪಳವಾಗಿತ್ತು. ಅದನ್ನು ಸುಮ್ನೆ ಕತ್ತರಿಸಿದರೆ ಕಾರು ನಡುವಿನಲ್ಲಿ ಬಾಗುತ್ತದೆ. ಮೊದಲು ನಾಲ್ಕೂ ಬಾಗಿಲು ತೆಗೆದು, ಬಾಗಿಲ ಜಾಗದಲ್ಲಿ ಚೌಕ ಪೈಪುಗಳನ್ನು ಅಡ್ಡಡ್ಡ ಬೆಸುಗೆ ಹಾಕಿ ಬಿಗಿ ಮಾಡಿದೆವು. ಮೂಲೆಯಿಂದ ಮೂಲೆಗೆ ಟೇಪ್ ಹಿಡಿದು ಅಳತೆಗಳನ್ನು ಶೆಡ್ಡಿನ ಗೋಡೆಯ ಮೇಲೆ ಬರೆದಿಟ್ಟೆ. ಒಂದು ಬದಿ ಮುಗಿಯುವವರೆಗೆ ಇನ್ನೊಂದು ಬದಿ ಮುಟ್ಟಲಿಲ್ಲ.

ಪತ್ರಾ ಕೆಲಸಕ್ಕೆ ಶಹಾಪುರದ ಒಬ್ಬ ಹಿರಿಯ ಡೆಂಟಿಂಗ್ ಮಿಸ್ತ್ರಿ ಬಂದರು. ಅಪ್ಪನ ಕಾಲದಿಂದಲೂ ಪರಿಚಯ, ನಾನು ಕಾಕಾ ಎನ್ನುತ್ತೇನೆ. 18 ಗೇಜ್ ಪತ್ರಾ ತಂದು ಮಡಚಿ ಹೊಂದಿಸಿದ ಮೇಲೆ ನಾನು ಉದ್ದಕ್ಕೂ ಬೆಸುಗೆ ಎಳೆಯಲು ಹೋದೆ. ಕಾಕಾ ಕೈ ಹಿಡಿದರು.

"ತಮ್ಮಾ, ಪೂರಾ ವೆಲ್ಡಿಂಗ್ ಹೊಡೀಬ್ಯಾಡ. ಮೊದ್ಲ ಟ್ಯಾಕ್ ಹಾಕು, ಬಾಗಲಾ ಹಚ್ಚಿ ಮುಚ್ಚಿ ನೋಡು."

"ಅಳತಿ ಸರಿ ಐತ್ರಿ ಕಾಕಾ."

"ಅಳತಿ ಸರಿ ಇರ್ತೈತಿ. ಕಾಸಿದ ಮ್ಯಾಲ ಪತ್ರಾ ಎಳೀತೈತಿ."

ಅವರು ಹೇಳಿದಂತೆಯೇ ಎರಡೆರಡು ಇಂಚಿಗೆ ಟ್ಯಾಕ್, ಅಂದರೆ ಚುಕ್ಕಿ ಬೆಸುಗೆ, ಹಾಕಿ, ಬಾಗಿಲು ಕೂರಿಸಿ ನೋಡಿದೆವು. ಹಿಂದಿನ ಬಾಗಿಲು 4 ಮಿಮೀ ಕೆಳಗೆ ಬಂದಿತ್ತು. ಟ್ಯಾಕ್ ಬಿಡಿಸಿ ಜ್ಯಾಕ್ ಕೊಟ್ಟು ಸರಿ ಮಾಡಿದೆವು. ಪೂರ್ತಿ ಬೆಸುಗೆ ಆಗಿದ್ದರೆ ಆ ಬಾಗಿಲು ಜೀವಮಾನವಿಡೀ ಕೆರೆಯುತ್ತಿತ್ತು.

ಇನ್ನೊಂದು ಜಾಗವನ್ನು ಯಾರೂ ನೋಡದೆ ಬಿಡಬಾರದು. ಈ ಕಾರಿಗೆ ಮುಂದೆ ಕಾಯಿಲ್ ಸ್ಪ್ರಿಂಗ್ ಇಲ್ಲ, ತಿರುಚಿಕೊಂಡು ಸ್ಪ್ರಿಂಗ್‌ನ ಕೆಲಸ ಮಾಡುವ ಉದ್ದನೆಯ ಟಾರ್ಶನ್ ಬಾರ್ ಇವೆ. ಅವುಗಳ ಹಿಂದಿನ ತುದಿ ನೆಲದ ಕೆಳಗಿನ ಅಡ್ಡ ತೊಲೆಗೆ ಬಿಗಿದಿರುತ್ತದೆ. ಮುಂದಿನ ಎರಡು ಚಕ್ರದ ತೂಕವನ್ನೆಲ್ಲ ಹಿಡಿದಿಡುವ ತಿರುಚು ಅಲ್ಲಿಗೆ ಬರುತ್ತದೆ. ನಮ್ಮದರಲ್ಲಿ ಆ ತೊಲೆಯ ಮೇಲೆ ಯಾರೋ ದಪ್ಪಗೆ ಡಾಂಬರು ಬಣ್ಣ ಬಳಿದಿದ್ದರು. ಕೆರೆದಾಗ ಎಡಬದಿಯಲ್ಲಿ ಬೆರಳು ತೂರುವಷ್ಟು ತೂತು. ಅದನ್ನು ಕತ್ತರಿಸಿ 3 ಮಿಮೀ ಪ್ಲೇಟಿನಲ್ಲಿ ಹೊಸದು ಮಾಡಿದೆ. ಬಣ್ಣ ಹೊಡೆಸಿ ಹೊಳಪು ಬರಿಸುವ ಮೊದಲು ನಿಮ್ಮ ಕಾರನ್ನು ಎತ್ತಿ ಈ ಜಾಗವನ್ನು ಸುತ್ತಿಗೆಯಿಂದ ಬಡಿದು ಸದ್ದು ಕೇಳಿ. ದಯವಿಟ್ಟು ಇದನ್ನು ಮುಂದೂಡಬೇಡಿ.

ಎಂಜಿನ್ ಕೂರಿಸಿದ್ದು ಮೂರೇ ದಿನ. ಆ 1800ರಿಂದ ಎಂಜಿನ್ ಇಳಿಸುವ ಮೊದಲೇ ಫೈರ್‌ವಾಲ್‌ನಿಂದ (ಎಂಜಿನ್ ಮತ್ತು ಕಾರಿನ ಒಳಭಾಗದ ನಡುವಿನ ಗೋಡೆ) ಹೆಡ್‌ಗೆ ಎಷ್ಟು, ಕ್ರ್ಯಾಂಕ್ ಪುಲ್ಲಿಯ ನಡುವಿನಿಂದ ನೆಲಕ್ಕೆ ಎಷ್ಟು ಎಂದು ಬರೆದುಕೊಂಡಿದ್ದೆ. ಮೌಂಟಿಂಗ್ ಬ್ರಾಕೆಟ್‌ಗಳನ್ನು 8 ಮಿಮೀ ಪ್ಲೇಟಿನಲ್ಲಿ ನಾನೇ ಮಿಲ್ಲಿಂಗ್ ಮಾಡಿದೆ. ಹಳೆಯ ತೂತುಗಳಿಗೇ ಬೋಲ್ಟ್ ಬರುವಂತೆ ಮಾಡಿದ್ದರಿಂದ ಎಂಜಿನ್ ಕೆಳಗಿನ ಯಾವ ಪತ್ರಾವನ್ನೂ ಕತ್ತರಿಸಲಿಲ್ಲ. ನಾಳೆ ಹಳೆಯ ಎಂಜಿನ್ ಮತ್ತೆ ಬೇಕೆಂದರೆ ಅದು ಅದೇ ಜಾಗಕ್ಕೆ ಹೋಗುತ್ತದೆ. ಗೇರ್ ಲಿವರ್ ಮಾತ್ರ ಸ್ಟೀರಿಂಗ್ ಪಕ್ಕದಿಂದ ನೆಲಕ್ಕೆ ಬಂತು. ಅದಕ್ಕೆ ನಡುವಿನ ಉಬ್ಬಿನಲ್ಲಿ ತೂತು ಕೊರೆಯಲೇಬೇಕಾಯಿತು. ಉದ್ದನೆಯ ಸೀಟು ತೆಗೆಯಲು ಅಮ್ಮ ಒಪ್ಪಲಿಲ್ಲ, ನನಗೂ ಮನಸ್ಸಿರಲಿಲ್ಲ. ಲಿವರನ್ನೇ ಕಾಸಿ ಮುಂದಕ್ಕೆ ಬಾಗಿಸಿದೆ. ಪಾನಾ ಮಾತ್ರ ಎರಡು ಸೆಟ್ ಬೇಕು, ನೆನಪಿಡಿ. ಕಾರು ಇಂಚಿನದು, ಎಂಜಿನ್ ಮಿಲಿಮೀಟರಿನದು.

ತೊಂದರೆ ಕೊಟ್ಟದ್ದು ಪ್ರೊಪೆಲ್ಲರ್ ಶಾಫ್ಟ್, ಅಂದರೆ ಗೇರ್‌ಬಾಕ್ಸ್‌ನಿಂದ ಹಿಂದಿನ ಚಕ್ರಗಳ ಕಡೆ ಶಕ್ತಿ ಒಯ್ಯುವ ಉದ್ದನೆಯ ದಂಡ. ಮೀರಜ್‌ನ ಕಾರಿಗೆ ಹಿಂದಿನಿಂದ ಲಾರಿ ಗುದ್ದಿತ್ತು, ಅದರ ಶಾಫ್ಟ್ ಬಾಗಿತ್ತು. ಅದರ ಮುಂದಿನ ಯೋಕ್ (ಜಾಯಿಂಟ್ ಹಿಡಿಯುವ ಕವಲು) ತೆಗೆದು ನಮ್ಮ ಹಳೆಯ ಶಾಫ್ಟನ್ನು ಕುಗ್ಗಿಸಿ ಸೇರಿಸಬೇಕಿತ್ತು. ನಮ್ಮಲ್ಲಿ ಅಷ್ಟು ಉದ್ದದ ಲೇತ್ ಖಾಲಿ ಇರಲಿಲ್ಲ, ಹೊರಗೆ ಕೊಟ್ಟೆ. ಹಾಕಿ ಓಡಿಸಿದರೆ 60ರವರೆಗೆ ಹಾಯಾಗಿತ್ತು. ದಾಟಿದ ಕೂಡಲೇ ನೆಲದಿಂದ ಗುಂಯ್ ಎಂದು ನಡುಕ. ಚಕ್ರ ಬ್ಯಾಲೆನ್ಸ್ ಮಾಡಿಸಿದೆ. ಎಂಜಿನ್ ರಬ್ಬರ್ ಬದಲಿಸಿದೆ. ಹೋಗಲಿಲ್ಲ. ಗೇರ್ ನ್ಯೂಟ್ರಲ್ ಮಾಡಿದರೂ ಅದೇ ವೇಗದಲ್ಲಿ ನಡುಕ ಉಳಿಯಿತು. ಆಗ ಎಂಜಿನ್ ಮೇಲಿನ ಅನುಮಾನ ಬಿಟ್ಟೆ.

ಶಾಫ್ಟ್ ಬಿಚ್ಚಿ ವಿ ಬ್ಲಾಕ್ ಮೇಲೆ ಇಟ್ಟು ನೋಡಿದಾಗ ಎರಡು ತುದಿಯ ಯೋಕ್‌ಗಳು ಒಂದೇ ಸಾಲಿನಲ್ಲಿ ಇರಲಿಲ್ಲ. ಸುಮಾರು 15 ಡಿಗ್ರಿ ತಿರುಗಿತ್ತು. ಯೂನಿವರ್ಸಲ್ ಜಾಯಿಂಟ್ (ಶಾಫ್ಟಿನ ತುದಿಯ ಬಾಗುವ ಕೀಲು) ಕೋನದಲ್ಲಿ ತಿರುಗುವಾಗ ಒಂದೇ ವೇಗದಲ್ಲಿ ತಿರುಗುವುದಿಲ್ಲ. ಒಂದು ಸುತ್ತಿಗೆ ಎರಡು ಸಲ ಜೋರಾಗಿ, ಎರಡು ಸಲ ನಿಧಾನವಾಗಿ ತಿರುಗುತ್ತದೆ. ಇನ್ನೊಂದು ತುದಿಯ ಜಾಯಿಂಟ್ ಅದಕ್ಕೆ ಸರಿಯಾಗಿ ಉಲ್ಟಾ ಮಾಡಿದರೆ ಏರುಪೇರು ಅಳಿಸಿಹೋಗುತ್ತದೆ. ಅದಕ್ಕೆ ಎರಡು ಷರತ್ತು. ಯೋಕ್‌ಗಳು ಒಂದೇ ಸಾಲಿನಲ್ಲಿರಬೇಕು. ಗೇರ್‌ಬಾಕ್ಸ್ ಶಾಫ್ಟು ಮತ್ತು ಹಿಂದಿನ ಡಿಫರೆನ್ಷಿಯಲ್‌ನ ಪಿನಿಯನ್ (ಶಾಫ್ಟ್ ಸೇರುವ ಸಣ್ಣ ಗೇರು) ಒಂದಕ್ಕೊಂದು ಸಮಾನಾಂತರ ಇರಬೇಕು.

ಮೊದಲನೆಯದನ್ನು ಬೆಸುಗೆ ಕತ್ತರಿಸಿ ಸರಿ ಮಾಡಿದೆ. ಎರಡನೆಯದಕ್ಕೆ ಕೋನ ಅಳೆಯುವ ಗೇಜ್ ತಂದೆ. ಕಾರಿನ ತೂಕ ಚಕ್ರದ ಮೇಲೆಯೇ ಇರುವಾಗ ಅಳೆಯಬೇಕು. ಜ್ಯಾಕ್ ಮೇಲೆ ಅಳೆದರೆ ಪಟ್ಟಿ ಸ್ಪ್ರಿಂಗ್ ಜೋತುಬಿದ್ದು ತಪ್ಪು ಉತ್ತರ ಬರುತ್ತದೆ. ಎರಡೂವರೆ ಡಿಗ್ರಿ ವ್ಯತ್ಯಾಸ ಇತ್ತು. ಗೇರ್‌ಬಾಕ್ಸ್ ಮೌಂಟ್ ಕೆಳಗೆ ಸ್ಪೇಸರ್ ಕೊಟ್ಟು ಅರ್ಧ ಡಿಗ್ರಿಗೆ ತಂದೆ. ಆಮೇಲೆ ಬ್ಯಾಲೆನ್ಸಿಂಗ್. ಕಾರನ್ನು ಖಾನಾಪುರ ರಸ್ತೆಗೆ ತೆಗೆದುಕೊಂಡು ಹೋಗಿ 90ಕ್ಕೆ ಏರಿಸಿದೆ. ಸದ್ದಿಲ್ಲ. ಗಾಡಿ ಬದಿಗೆ ನಿಲ್ಲಿಸಿ ಸ್ವಲ್ಪ ಹೊತ್ತು ಹಾಗೇ ಕೂತಿದ್ದೆ.

ಬ್ರೇಕಿನ ವಿಷಯದಲ್ಲಿ ಹಣ ಉಳಿಸಬೇಡಿ. ಶಕ್ತಿ ಹೆಚ್ಚಿದ ಕಾರಿಗೆ ಹಳೆಯ ಡ್ರಮ್ ಸಾಲದು. 1800ರ ಮುಂದಿನ ಡಿಸ್ಕ್, ಹಬ್, ಮಾಸ್ಟರ್ ಸಿಲಿಂಡರ್, ವ್ಯಾಕ್ಯೂಮ್ ಬೂಸ್ಟರ್ ಎಲ್ಲವನ್ನೂ ಒಟ್ಟಿಗೇ ತಂದು ಹಾಕಿದೆ. ಪೈಪ್‌ಗಳು ಎಲ್ಲವೂ ಹೊಸವು. ಪೆಟ್ರೋಲ್ ಪೈಪ್‌ಗಳೂ ಅಷ್ಟೇ. ಈಗಿನ ಪೆಟ್ರೋಲ್‌ನಲ್ಲಿ 20 ಪರ್ಸೆಂಟ್‌ವರೆಗೂ ಎಥೆನಾಲ್ ಇರುತ್ತದೆ. ಹಳೆಯ ರಬ್ಬರ್ ಅದರಲ್ಲಿ ಉಬ್ಬಿ ಬಿರಿಯುತ್ತದೆ, ಬಿಸಿ ಎಂಜಿನ್ ಪಕ್ಕದಲ್ಲಿ ಅದು ಬೆಂಕಿಗೆ ದಾರಿ. ಎಥೆನಾಲ್ ತಡೆಯುವ ಪೈಪ್ ಎಂದು ಕೇಳಿಯೇ ತೆಗೆದುಕೊಳ್ಳಿ. ರೇಡಿಯೇಟರ್ ಕೋರ್ ಹೊಸದು ಕಟ್ಟಿಸಿದೆ. ಹೆಡ್‌ಲೈಟ್‌ಗೆ ರಿಲೇ ಹಾಕಿದೆ. ವೈರಿಂಗ್ ಪೂರ್ತಿ ಬದಲಾಯಿತು, ಅದರಲ್ಲಿ ಹೇಳುವಂಥದ್ದು ಜಾಸ್ತಿ ಇಲ್ಲ.

ಖರ್ಚು ಕೇಳುವವರಿಗೆ: ಮೀರಜ್‌ನ ಕಾರಿಗೆ 70 ಸಾವಿರ ಕೊಟ್ಟೆ. ಪತ್ರಾ ಮತ್ತು ಬಣ್ಣಕ್ಕೆ ಅದರ ಎರಡೂವರೆ ಪಟ್ಟು ಹೋಯಿತು. ಹದಿನಾಲ್ಕು ತಿಂಗಳ ಭಾನುವಾರಗಳು ಹೋದವು.

ಏಪ್ರಿಲ್ ಮಧ್ಯಾಹ್ನ ಐದು ಜನ ಕೂತು ವಂಟಮೂರಿ ಘಾಟ್ ಹತ್ತಿಸಿದೆವು. ಅಪ್ಪ ಇದ್ದಾಗ ಆ ಏರಿನ ಮಧ್ಯದಲ್ಲಿ ನಿಲ್ಲಿಸಿ, ಬಾನೆಟ್ ಎತ್ತಿ, ಕ್ಯಾನಿನಿಂದ ನೀರು ಹಾಕುತ್ತಿದ್ದರು. ಈ ಸಲ ಮೂರನೇ ಗೇರಿನಲ್ಲಿ ಹತ್ತಿತು, ಟೆಂಪರೇಚರ್ ಮುಳ್ಳು ನಡುವಿನಿಂದ ಸ್ವಲ್ಪವೇ ಮೇಲೆ ಹೋಯಿತು. ಹಿಂದೆ ಕೂತಿದ್ದ ಅಮ್ಮ, "ಇಲ್ಲೇ ಅಲ್ಲೇನೋ ನಿಮ್ಮಪ್ಪ ನಿಲ್ಲಸ್ತಿದ್ದದ್ದು?" ಎಂದರು. ಮುಂದಿನ ವಾರ ಜಾಂಬೋಟಿ, ಕಣಕುಂಬಿ ಮೇಲೆ ಚೋರ್ಲಾ ಘಾಟ್ ಇಳಿದು ಗೋವಾಕ್ಕೆ ಹೋಗಿಬಂದೆ. ಇಳಿಜಾರಿನಲ್ಲಿ ಡಿಸ್ಕ್ ಬ್ರೇಕ್ ಒಮ್ಮೆಯೂ ಕೈಕೊಡಲಿಲ್ಲ. ಲೀಟರಿಗೆ 11 ಕಿಲೋಮೀಟರ್ ಬಂತು.

ಹಳೆಯ ಎಂಜಿನ್ ಶೆಡ್ಡಿನಲ್ಲೇ ಸ್ಟ್ಯಾಂಡ್ ಮೇಲಿದೆ. ಪ್ಲಗ್ ತೂತುಗಳಲ್ಲಿ ಎಣ್ಣೆ ಬಿಟ್ಟು ತಿಂಗಳಿಗೊಮ್ಮೆ ಕೈಯಿಂದ ತಿರುಗಿಸುತ್ತೇನೆ. ಹಿಂದಿನ ಗಾಜಿನ ರಬ್ಬರ್ ಇನ್ನೂ ಸರಿಯಾದದ್ದು ಸಿಕ್ಕಿಲ್ಲ. ಜೂನ್ ಮಳೆಗೆ ಮೊದಲು ಅದನ್ನು ಹುಡುಕಬೇಕು.