ಎಲ್‌ಕೆಜಿಗೆ ಶಾಲೆ ಹುಡುಕ್ತಿದ್ದೀರಾ? ಬೋರ್ಡ್ ಬಿಡಿ, ಬಾತ್‌ರೂಮ್ ನೋಡಿ

ದಸರಾ ರಜೆ ಮುಗಿಯುತ್ತಿದ್ದಂತೆ ಬೆಂಗಳೂರಿನ ಕಂಬ ಕಂಬದಲ್ಲೂ 'ಅಡ್ಮಿಷನ್ಸ್ ಓಪನ್' ಬ್ಯಾನರ್‌ಗಳು ಏಳುತ್ತವೆ. ಜನವರಿ ಹೊತ್ತಿಗೆ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಇದೇ ಮಾತು. ಯಾವ ಶಾಲೆಯಲ್ಲಿ ಸೀಟು ತುಂಬಿತಂತೆ, ಎಲ್ಲಿ ಸ್ವಿಮ್ಮಿಂಗ್ ಪೂಲ್ ಇದೆಯಂತೆ, ಎಲ್ಲಿ ಎಸಿ ಕ್ಲಾಸ್‌ರೂಮಂತೆ. ಮೂರೂವರೆ ವರ್ಷದ ಮಗುವಿಗೆ ಇದ್ಯಾವುದೂ ದೊಡ್ಡ ವಿಷಯವಲ್ಲ. ಅದಕ್ಕೆ ಬೇಕಾದದ್ದು ಹತ್ತಿರದ ಶಾಲೆ, ಸಿಡುಕದ ಮಿಸ್, ಕರೆದಾಗ ಬರುವ ಆಯಾ. ಇಷ್ಟನ್ನು ಹುಡುಕುವುದೇ ಕಷ್ಟ. ಅದಕ್ಕೊಂದು ಕ್ರಮ ಇಟ್ಟುಕೊಂಡರೆ ಸ್ವಲ್ಪ ಸುಲಭ.

ಮೊದಲು ಹುಟ್ಟಿದ ತಾರೀಕು

ಕರ್ನಾಟಕದಲ್ಲಿ ಒಂದನೇ ಕ್ಲಾಸಿಗೆ ಸೇರಲು ಜೂನ್ 1ಕ್ಕೆ ಮಗುವಿಗೆ 6 ವರ್ಷ ತುಂಬಿರಬೇಕು. ಹಿಂದಕ್ಕೆ ಎಣಿಸಿದರೆ ಯುಕೆಜಿಗೆ 5, ಎಲ್‌ಕೆಜಿಗೆ 4. ಮಗು ಹುಟ್ಟಿದ್ದು 2022ರ ಆಗಸ್ಟ್‌ನಲ್ಲಿ ಅಂದುಕೊಳ್ಳಿ. 2026ರ ಜೂನ್ 1ಕ್ಕೆ ಅದಕ್ಕೆ 4 ತುಂಬಿರುವುದಿಲ್ಲ. ಹಾಗಾಗಿ ಆ ವರ್ಷ ನರ್ಸರಿ ಇಲ್ಲವೇ ಮನೆ, 2027ಕ್ಕೆ ಎಲ್‌ಕೆಜಿ, 2029ಕ್ಕೆ ಒಂದನೇ ಕ್ಲಾಸು.

"ಎರಡು ತಿಂಗಳು ತಾನೆ, ಅಡ್ಜಸ್ಟ್ ಮಾಡೋಣ ಬಿಡಿ" ಎನ್ನುವ ಶಾಲೆಗಳು ಇವೆ. ಅವರು ಅಡ್ಜಸ್ಟ್ ಮಾಡುವುದು ಎಲ್‌ಕೆಜಿಗೆ ಮಾತ್ರ. ಎರಡು ವರ್ಷ ಕಳೆದ ಮೇಲೆ ಒಂದನೇ ಕ್ಲಾಸಿನ ಬಾಗಿಲಲ್ಲಿ ಸಿಕ್ಕಿಕೊಳ್ಳುವುದು ನಿಮ್ಮ ಮಗು. ಹೀಗೆ ಸಿಕ್ಕಿಕೊಂಡ ಮಕ್ಕಳ ಅಪ್ಪ ಅಮ್ಮಂದಿರು ಜೋರಾಗಿ ಕೇಳಿದ್ದಕ್ಕೆ ಸರ್ಕಾರ 2025-26ರ ಒಂದು ಸಲಕ್ಕೆ ಅಂತ ವಯಸ್ಸನ್ನು 5 ವರ್ಷ 5 ತಿಂಗಳಿಗೆ ಇಳಿಸಿತ್ತು. ಅಂಥ ಸಡಿಲಿಕೆಯನ್ನು ನಂಬಿ ಮಗುವನ್ನು ಬೇಗ ತಳ್ಳಬೇಡಿ.

ಆಮೇಲೆ ದೂರ

ಮ್ಯಾಪ್‌ನಲ್ಲಿ ಕಿಲೋಮೀಟರ್ ಅಳೆಯಬೇಡಿ. ಬೆಳಗ್ಗೆ ಎಂಟೂವರೆಗೆ ಆ ದಾರಿಯಲ್ಲಿ ಒಂದು ಸಲ ಹೋಗಿ ನೋಡಿ. ನಡೆದು ಹೋಗುವಷ್ಟು ಹತ್ತಿರ ಸಾಧಾರಣ ಶಾಲೆ ಒಂದಿದ್ದರೆ, ಮುಕ್ಕಾಲು ಗಂಟೆ ವ್ಯಾನಿನಲ್ಲಿ ಕೂರಿಸಿ ಕಳಿಸುವ 'ಇಂಟರ್‌ನ್ಯಾಷನಲ್' ಶಾಲೆಗಿಂತ ನನ್ನ ವೋಟು ಅದಕ್ಕೇ. ವ್ಯಾನ್ ಬೇಕೇ ಬೇಕು ಅಂತಾದರೆ ಅದರ ಒಳಗೆ ಹತ್ತಿ ನೋಡಿ. ಹಳದಿ ನಂಬರ್ ಪ್ಲೇಟ್ ಇದೆಯಾ, ಮಕ್ಕಳನ್ನು ಹತ್ತಿಸಿ ಇಳಿಸಲು ಡ್ರೈವರ್ ಬಿಟ್ಟು ಇನ್ನೊಬ್ಬರು ಇದ್ದಾರಾ, ಸೀಟಿನ ಹಿಂದಿನ ಗ್ಯಾಸ್ ಸಿಲಿಂಡರ್ ಮೇಲೆ ಹಲಗೆ ಹಾಕಿ ಮಕ್ಕಳನ್ನು ಕೂರಿಸುತ್ತಾರಾ? ಈ ಕೊನೆಯದು ಕಂಡರೆ ಅಲ್ಲಿಗೇ ಮಾತು ಮುಗಿಸಿ.

ಹೋಗಿ ನೋಡುವುದು: ಇದಕ್ಕೇ ಜಾಸ್ತಿ ಸಮಯ ಕೊಡಿ

ಶನಿವಾರದ 'ಓಪನ್ ಹೌಸ್'ಗೆ ಹೋದರೆ ಕಾಣುವುದು ಬಲೂನು, ಜ್ಯೂಸು ಮತ್ತು ನಗುನಗುತ್ತಾ ಟೂರ್ ಕೊಡುವ ಅಡ್ಮಿಷನ್ ಕೌನ್ಸೆಲರ್. ಜೂನ್ ಆದ ಮೇಲೆ ಅವರು ನಿಮ್ಮ ಮಗುವಿನ ಹತ್ತಿರ ಸುಳಿಯುವುದಿಲ್ಲ. ಮಾಮೂಲಿ ಮಂಗಳವಾರವೋ ಬುಧವಾರವೋ, ಹತ್ತೂವರೆ ಸುಮಾರಿಗೆ, ಮಕ್ಕಳು ಟಿಫಿನ್ ಡಬ್ಬಿ ಬಿಚ್ಚುವ ಹೊತ್ತಿಗೆ ಹೋಗಿ. ಕ್ಲಾಸಿನ ಒಳಗೆ ಬಿಡದಿದ್ದರೆ ಪರವಾಗಿಲ್ಲ, ಕಾರಿಡಾರಿನಿಂದ ನೋಡಲು ಕೇಳಿ. ಕ್ಲಾಸು ನಡೆಯುವಾಗ ನೋಡಲು ಬಿಡುವುದೇ ಇಲ್ಲ ಎನ್ನುವ ಶಾಲೆಯನ್ನು ನಾನಾದರೆ ಪಟ್ಟಿಯಿಂದ ತೆಗೆಯುತ್ತೇನೆ.

ಮೊದಲು ಬಾತ್‌ರೂಮ್. ಕಮೋಡ್ ಮಗುವಿನ ಎತ್ತರಕ್ಕಿದೆಯಾ, ನೆಲ ಒಣಗಿದೆಯಾ, ಒಳಗಿನಿಂದ ಚಿಲಕ ಬಿದ್ದರೆ ಹೊರಗಿನಿಂದ ತೆಗೆಯಲು ಬರುತ್ತದಾ? ಮಗುವನ್ನು ತೊಳೆಯುವವರು ಯಾರು, ಅವರು ಹೆಂಗಸರಾ ಅಂತ ನೇರವಾಗಿ ಕೇಳಿ. ಇದನ್ನೆಲ್ಲ ಕೇಳಲು ನಾಚಿಕೆ ಯಾಕೆ? ಮಗು ಬಟ್ಟೆಯಲ್ಲೇ ಮಾಡಿಕೊಂಡರೆ ಏನು ಮಾಡುತ್ತೀರಿ ಎಂದೂ ಕೇಳಿ. "ನಮ್ಮಲ್ಲಿ ಹಾಗೆಲ್ಲ ಆಗಲ್ಲ" ಅಂದರೆ ಸುಳ್ಳು. "ಒಂದು ಜೊತೆ ಬಟ್ಟೆ ಬ್ಯಾಗಲ್ಲಿ ಇಟ್ಟಿರಿ, ಬದಲಾಯಿಸ್ತೀವಿ" ಅಂದರೆ ಅವರಿಗೆ ಮಕ್ಕಳ ವಿಷಯ ಗೊತ್ತು.

ಆಮೇಲೆ ತಲೆ ಎಣಿಸಿ. ಖಾಸಗಿ ಪ್ಲೇ ಸ್ಕೂಲ್‌ಗಳಿಗೆ ರಾಷ್ಟ್ರೀಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗ ಹೇಳಿರುವ ಲೆಕ್ಕ ಹೀಗಿದೆ: 20 ಮಕ್ಕಳಿಗೆ ಒಬ್ಬ ಟೀಚರ್, ಜೊತೆಗೆ ಒಬ್ಬ ಆಯಾ. ದಿನಕ್ಕೆ ಮೂರು ನಾಲ್ಕು ಗಂಟೆ ಸಾಕು ಎನ್ನುತ್ತದೆ ಅದೇ ಆಯೋಗ. ಮೂವತ್ತೈದು ಮಕ್ಕಳನ್ನು ಒಬ್ಬರೇ ಮಿಸ್ ನೋಡಿಕೊಳ್ಳುತ್ತಿದ್ದರೆ, ಅವರು ಎಷ್ಟೇ ಒಳ್ಳೆಯವರಾಗಿದ್ದರೂ ಮಧ್ಯಾಹ್ನದ ಹೊತ್ತಿಗೆ ದನಿ ಏರಿಯೇ ಏರುತ್ತದೆ.

ಗೋಡೆ ನೋಡಿ. ಮೂವತ್ತು ಸೇಬಿನ ಚಿತ್ರ, ಮೂವತ್ತಕ್ಕೂ ಗೆರೆ ದಾಟದ ಒಂದೇ ಕೆಂಪು ಬಣ್ಣ. ಅವನ್ನು ಮುಗಿಸಿದ್ದು ಬಹುಶಃ ಮಿಸ್. ಬಣ್ಣ ಹೊರಗೆ ಹರಿದು, ನೀಲಿ ಸೇಬು, ಕಾಲಿಲ್ಲದ ಆನೆ ಎಲ್ಲ ನೇತಾಡುತ್ತಿದ್ದರೆ ಅಲ್ಲಿ ಕೆಲಸ ಮಾಡಿದ್ದು ಮಕ್ಕಳೇ. ಹೋದ ವರ್ಷದ ಎಲ್‌ಕೆಜಿ ನೋಟ್‌ಬುಕ್ ಒಂದನ್ನು ತೋರಿಸಿ ಎನ್ನಿ. ಮೊದಲ ತಿಂಗಳಿಂದಲೇ ನಾಲ್ಕು ಗೆರೆಯಲ್ಲಿ ಕರ್ಸಿವ್ ತುಂಬಿಸಿದ್ದರೆ ಹಿಂಜರಿಯಿರಿ. ಆ ವಯಸ್ಸಿನ ಬೆರಳಿಗೆ ಬೇಕಾದದ್ದು ಮಣ್ಣು, ಮಣಿ, ಕಾಗದ ಹರಿಯುವುದು. ಪೆನ್ಸಿಲ್ ಹಿಡಿಯುವ ಬಲ ಅದರಿಂದಲೇ ಬರುವುದು. ಕೇಂದ್ರ ಸರ್ಕಾರದ 2020ರ ಸ್ಕೂಲ್ ಬ್ಯಾಗ್ ನೀತಿಯ ಪ್ರಕಾರ ಪೂರ್ವ ಪ್ರಾಥಮಿಕ ಮಕ್ಕಳಿಗೆ ಬ್ಯಾಗೇ ಬೇಡ, ಎರಡನೇ ಕ್ಲಾಸಿನವರೆಗೆ ಹೋಂವರ್ಕ್ ಬೇಡ. ಇದನ್ನು ಶಾಲೆಯವರಿಗೆ ನೆನಪಿಸಿದರೆ ತಪ್ಪೇನಿಲ್ಲ.

ಇನ್ನು ಮಾತು. ಮನೆಯಲ್ಲಿ ಕನ್ನಡವೋ ತುಳುವೋ ಉರ್ದುವೋ ಆಡುವ ಮಗುವಿಗೆ ಮೊದಲ ದಿನದಿಂದಲೇ 'ಓನ್ಲಿ ಇಂಗ್ಲಿಷ್' ಎನ್ನುವ ಶಾಲೆಗಳು ಇವೆ. ಮಗು "ಮಿಸ್, ಸುಸು" ಅಂದರೆ ಸರಿಯಾಗಿ ಕೇಳು ಎಂದು ನಿಲ್ಲಿಸಿಕೊಂಡರೆ ಏನಾಗುತ್ತದೆ, ಹೇಳಬೇಕಾ? ಎರಡು ಮೂರು ದಿನ ಹೀಗಾದರೆ ಮಗು ಬೆಳಗ್ಗೆ ನೀರು ಕುಡಿಯುವುದನ್ನೇ ಬಿಡಬಹುದು. ಇಂಗ್ಲಿಷ್ ಕಲಿಸಲಿ, ಬೇಡ ಅನ್ನುವವರು ಯಾರು? ಮಗುವಿನ ಮಾತಿನಲ್ಲೇ ಸಮಾಧಾನ ಮಾಡಬಲ್ಲ ಒಬ್ಬರಾದರೂ ಆ ಕ್ಲಾಸಿನಲ್ಲಿ ಇರಬೇಕು, ಅಷ್ಟೇ. ಎಷ್ಟೋ ಕಡೆ ಆ ಒಬ್ಬರು ಆಯಾ ಆಗಿರುತ್ತಾರೆ. ಹಾಗಾಗಿ ಅವರನ್ನೂ ಮಾತಾಡಿಸಿ ಬನ್ನಿ.

ಬೋರ್ಡಿನ ಮೇಲಿನ ಅಕ್ಷರಗಳು

'ಮಾಂಟೆಸ್ಸರಿ' ಎಂದು ಯಾರು ಬೇಕಾದರೂ ಬರೆದುಕೊಳ್ಳಬಹುದು. ಮರಿಯಾ ಮಾಂಟೆಸ್ಸರಿ 1907ರಲ್ಲಿ ರೋಮ್‌ನಲ್ಲಿ ಶುರು ಮಾಡಿದ ಆ ಪದ್ಧತಿಯಲ್ಲಿ ಎರಡೂವರೆಯಿಂದ ಆರರವರೆಗಿನ ಮಕ್ಕಳು ಒಂದೇ ಕೋಣೆಯಲ್ಲಿ ಇರುತ್ತಾರೆ, ತಮಗೆ ಬೇಕಾದ ಸಾಮಾನು ತಾವೇ ಎತ್ತಿಕೊಂಡು ಕೆಲಸ ಮಾಡುತ್ತಾರೆ. ಎಲ್‌ಕೆಜಿ ಬೇರೆ, ಯುಕೆಜಿ ಬೇರೆ, ಸಾಮಾನೆಲ್ಲ ಗಾಜಿನ ಬೀರುವಿನಲ್ಲಿ ಬೀಗ ಹಾಕಿ ಇಟ್ಟಿದ್ದರೆ ಅದು ಬರೀ ಹೆಸರು. 'ಸಿಬಿಎಸ್‌ಇ ಪ್ಯಾಟರ್ನ್' ಎಂದಿದ್ದರೆ ಮಾನ್ಯತೆ ಸಂಖ್ಯೆ ಕೇಳಿ, ಮಂಡಳಿಯ ವೆಬ್‌ಸೈಟಿನಲ್ಲಿ ಹುಡುಕಿ ನೋಡಿ. ಸಂಶಯ ಬಂದರೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಯಲ್ಲಿ ವಿಚಾರಿಸಿ.

ದುಡ್ಡಿನ ಮಾತು

ಒಟ್ಟು ಎಷ್ಟು ಎಂದು ಕೇಳಬೇಡಿ, ಒಂದೊಂದಾಗಿ ಬರೆದುಕೊಡಿ ಎನ್ನಿ. ಅಡ್ಮಿಷನ್, ಟ್ಯೂಷನ್, ಪುಸ್ತಕ, ಯೂನಿಫಾರ್ಮ್, ವ್ಯಾನ್, ಆ್ಯನುಯಲ್ ಡೇ ಡ್ರೆಸ್, ಎಲ್ಲವೂ. ಹೋದ ವರ್ಷಕ್ಕಿಂತ ಎಷ್ಟು ಏರಿಸಿದ್ದೀರಿ, ಮಧ್ಯದಲ್ಲಿ ಬಿಟ್ಟರೆ ಎಷ್ಟು ವಾಪಸ್ಸು ಎಂಬುದೂ ಅದೇ ಕಾಗದದಲ್ಲಿ ಇರಲಿ. ಡೊನೇಶನ್ ನಿಷೇಧಿಸುವ ಕಾಯ್ದೆ ನಮ್ಮ ರಾಜ್ಯದಲ್ಲಿ 1984ರಿಂದ ಇದೆ. ಅದಕ್ಕೇ ಈಗ ಅದು ಬೇರೆ ಬೇರೆ ಹೆಸರಿನಲ್ಲಿ ಬರುತ್ತದೆ. ರಸೀದಿ ಕೊಡದ ದುಡ್ಡು ಯಾವ ಹೆಸರಿನದಾದರೂ ಕೊಡಬೇಡಿ. ಇನ್ನು ಪುಟ್ಟ ಮಗುವನ್ನು ಇಂಟರ್‌ವ್ಯೂಗೆ ಕೂರಿಸುವುದು. 2009ರ ಶಿಕ್ಷಣ ಹಕ್ಕು ಕಾಯ್ದೆ ಶಾಲಾ ಪ್ರವೇಶಕ್ಕೆ ಮಗುವನ್ನಾಗಲಿ ತಂದೆ ತಾಯಿಯನ್ನಾಗಲಿ ಪರೀಕ್ಷೆಗೆ ಒಡ್ಡಬಾರದು ಎನ್ನುತ್ತದೆ. 'ಸುಮ್ನೆ ಮಾತಾಡಿಸ್ತೀವಿ' ಎಂದು ಬಣ್ಣ, ಎಬಿಸಿಡಿ ಎಲ್ಲ ಕೇಳುವ ಶಾಲೆ ಮುಂದೆ ಹೇಗಿರುತ್ತದೆ ಎಂಬುದು ಅಲ್ಲೇ ಗೊತ್ತಾಗುತ್ತದೆ, ಅಲ್ವಾ?

ಗೇಟಿನ ಹತ್ತಿರ ನಿಲ್ಲಿ

ಆನ್‌ಲೈನ್ ಸ್ಟಾರ್‌ಗಳಿಗಿಂತ ಗೇಟಿನ ಮುಂದೆ ಕಾಯುವ ಅಜ್ಜಿಯರು ಜಾಸ್ತಿ ಹೇಳುತ್ತಾರೆ. ಶಾಲೆ ಬಿಡುವ ಹೊತ್ತಿಗೆ ಹೋಗಿ ಎರಡು ಪ್ರಶ್ನೆ ಕೇಳಿ. ಈ ವರ್ಷ ಮಿಸ್ ಎಷ್ಟು ಸಲ ಬದಲಾದರು? ಮಗು ಬಿದ್ದು ಪೆಟ್ಟಾದರೆ ಫೋನ್ ಬರುತ್ತದಾ, ಇಲ್ಲಾ ಸಂಜೆ ನೀವೇ ಕಂಡುಹಿಡಿಯಬೇಕಾ? ಸಂಬಳ ಕಡಿಮೆ ಕೊಡುವ ಕಡೆ ಟೀಚರ್‌ಗಳು ನಿಲ್ಲುವುದಿಲ್ಲ, ಸಣ್ಣ ಮಕ್ಕಳಿಗೆ ಇದು ಬಹಳ ಕಷ್ಟ. ನಿಂತಿರುವಾಗಲೇ ಇನ್ನೊಂದನ್ನೂ ಗಮನಿಸಿ: ಗುರುತು ನೋಡದೆ ಯಾರು ಕೈ ಚಾಚಿದರೂ ಮಗುವನ್ನು ಕೊಟ್ಟುಬಿಡುತ್ತಾರಾ?

ಪಟ್ಟಿಯಲ್ಲಿ ಅಂಗನವಾಡಿಯನ್ನೂ ಸೇರಿಸಿಕೊಳ್ಳಿ. ನಗರದ ಮಧ್ಯಮ ವರ್ಗದವರು ಅದರೊಳಗೆ ಇಣುಕುವುದೇ ಅಪರೂಪ. 1975ರಲ್ಲಿ ಶುರುವಾದ ಯೋಜನೆಯದು. 3ರಿಂದ 6 ವರ್ಷದವರಿಗೆ ಆಟ, ಪಾಠ, ಊಟ ಎಲ್ಲ ಉಚಿತ. 2019ರಿಂದ ಸರ್ಕಾರದ್ದೇ ಆದ ಹಲವು ಕರ್ನಾಟಕ ಪಬ್ಲಿಕ್ ಶಾಲೆಗಳಲ್ಲಿ ಎಲ್‌ಕೆಜಿ, ಯುಕೆಜಿ ಇದೆ. 2024ರಲ್ಲಿ ಬೆಂಗಳೂರಿನ 250 ಅಂಗನವಾಡಿಗಳನ್ನು ಸರ್ಕಾರಿ ಮಾಂಟೆಸ್ಸರಿ ಎಂದು ಮೇಲ್ದರ್ಜೆಗೆ ಏರಿಸಿದರು. ಎಲ್ಲ ಕಡೆ ಒಂದೇ ಥರ ಇರುವುದಿಲ್ಲ. ಬಾತ್‌ರೂಮ್, ಆಯಾ, ತಲೆ ಎಣಿಕೆ, ಅದೇ ಪರೀಕ್ಷೆ ಇಲ್ಲೂ ಮಾಡಿ.

ಸೀಟು ಆದ ಮೇಲೆ ಜೂನ್‌ವರೆಗೆ ಮನೆಯಲ್ಲಿ ಎಬಿಸಿಡಿ ಗಿಳಿಪಾಠ ಬೇಡ. ಚಡ್ಡಿ ತಾನೇ ಇಳಿಸಿ ಏರಿಸುವುದು, ನೀರಿನ ಬಾಟಲಿ ಬಿಚ್ಚುವುದು, ಸ್ವಲ್ಪ ಹೊತ್ತು ಬೇರೆಯವರ ಜೊತೆ ಇರುವುದು ರೂಢಿಯಾಗಲಿ. ಮೊದಲ ವಾರ ಅಮ್ಮನೋ ಅಪ್ಪನೋ ಸ್ವಲ್ಪ ಹೊತ್ತು ಕೂರಬಹುದಾ ಎಂದು ಈಗಲೇ ಕೇಳಿಟ್ಟುಕೊಳ್ಳಿ. ಟಿಫಿನ್ ಡಬ್ಬಿ ತರುವಾಗ ಕಾರ್ಟೂನ್ ಚಿತ್ರ ನೋಡಿ ಕೊಳ್ಳದೆ, ಅಂಗಡಿಯಲ್ಲೇ ಮಗುವಿನ ಕೈಗೆ ಕೊಟ್ಟು ಮುಚ್ಚಳ ತೆಗೆಸಿ ನೋಡಿ.