ಅಂಗೈಯಗಲದ ಮೀನಿಗೆ ಒಂದು ಗ್ರಾಂ ಗಾಳ

ಅಮೆರಿಕದ ಮಿನ್ನೆಸೋಟಾಕ್ಕೆ ಬಂದ ಮೊದಲ ಬೇಸಿಗೆಯಲ್ಲಿ ನಾನು ಹಿಡಿದದ್ದು ಬರೀ ಎರಡು ಮೀನು. ಅದರಲ್ಲೂ ಒಂದಕ್ಕೆ ಗಾಳ ಹೊಟ್ಟೆಯ ಹೊರಗೆ ಸಿಕ್ಕಿಕೊಂಡಿತ್ತು. ಅಂದ್ರೆ ಪಾಪ ಅದು ಕಚ್ಚಿಯೇ ಇರಲಿಲ್ಲ.

ಊರಲ್ಲಿ ಕೆರೆ ಏರಿ ಮೇಲೆ ಕೂತು ಬಿದಿರು ಕೋಲು, ನೈಲಾನ್ ದಾರ, ಎರೆಹುಳ ಇಟ್ಕೊಂಡು ಸಸಲು, ಜಿಲೇಬಿ ಮೀನು ಹಿಡಿದು ಬೆಳೆದವನಿಗೆ ಇದು ಸಣ್ಣ ಅವಮಾನ ಅಲ್ಲ. ಅದೂ ಹತ್ತು ಎಕರೆಗಿಂತ ದೊಡ್ಡ ಕೆರೆಗಳೇ 11,842 ಇರುವ ರಾಜ್ಯದಲ್ಲಿ! ತಪ್ಪು ಆಗಿದ್ದು ಅಂಗಡಿಯಲ್ಲಿ. "ಎಲ್ಲಾ ಮೀನಿಗೂ ಆಗುತ್ತೆ" ಅಂತ ಕೊಟ್ಟ ಏಳು ಅಡಿ ರಾಡು, ಹತ್ತು ಪೌಂಡ್ ದಾರ (ಅಷ್ಟು ಭಾರದ ಎಳೆತ ತಡೆಯೋ ದಾರ), ಜೊತೆಗೆ ನನ್ನ ಹೆಬ್ಬೆರಳಿಗಿಂತ ದಪ್ಪದ ಪ್ಲಾಸ್ಟಿಕ್ ಮೀನುಗಳ ಡಬ್ಬಿ. ಅದೆಲ್ಲ ಬಾಸ್ ಅನ್ನೋ ದೊಡ್ಡ ಮೀನು ಹಿಡಿಯೋ ಸಾಮಾನು ಅಂತ ಗೊತ್ತಾಗೋಕೆ ನನಗೆ ಒಂದು ವರ್ಷ ಬೇಕಾಯ್ತು. ನಾನು ನಿಂತಿದ್ದ ದಡದಲ್ಲಿ ಇದ್ದದ್ದೆಲ್ಲ ಪ್ಯಾನ್‌ಫಿಶ್.

ಪ್ಯಾನ್‌ಫಿಶ್ ಅಂದ್ರೆ ಒಂದೇ ಜಾತಿ ಅಲ್ಲ. ಕಾವಲಿಯಲ್ಲಿ ಇಡಿಯಾಗಿ ಹಿಡಿಸುವಷ್ಟು ಸಣ್ಣ ಮೀನುಗಳಿಗೆಲ್ಲ ಸೇರಿಸಿ ಇಟ್ಟ ಹೆಸರು. ಬ್ಲೂಗಿಲ್, ಪಂಪ್ಕಿನ್‌ಸೀಡ್, ಕ್ರಾಪಿ, ಹಳದಿ ಪರ್ಚ್ ಎಲ್ಲ ಅದರಲ್ಲೇ ಬರುತ್ತವೆ. ಬ್ಲೂಗಿಲ್ ನೋಡೋಕೆ ಹೆಚ್ಚುಕಡಿಮೆ ನಮ್ಮ ಜಿಲೇಬಿ ಥರಾನೇ, ಚಪ್ಪಟೆ, ಅಂಗೈಯಗಲ. ಬಾಯಿ ಮಾತ್ರ ಬಟಾಣಿ ಕಾಳಿನಷ್ಟು. ವಿಶ್ವ ದಾಖಲೆಯ ಬ್ಲೂಗಿಲ್ 1950ರಲ್ಲಿ ಅಲಬಾಮಾದ ಕೆಟೋನಾ ಕೆರೆಯಲ್ಲಿ ಸಿಕ್ಕಿದ್ದು, ಅದೇ ಎರಡು ಕಿಲೋ ಚಿಲ್ಲರೆ. ನಮಗೆ ಸಿಗೋದು ಕಾಲು ಕಿಲೋ ಇದ್ದರೆ ದೊಡ್ಡದು.

ಎರಡನೇ ವರ್ಷ ಜೂನ್‌ನಲ್ಲಿ ಒಂದು ದಿನ ಬೇಜಾರಾಗಿ ರಾಡು ಬದಿಗಿಟ್ಟು, ಮರದ ಡಾಕ್ ಮೇಲೆ ಬೋರಲು ಮಲಗಿ ನೀರೊಳಗೆ ನೋಡ್ತಾ ಇದ್ದೆ. ಪೋಲರಾಯ್ಡ್ ಕನ್ನಡಕ ಇತ್ತು, ನೀರು ತಿಳಿಯಾಗಿತ್ತು. ಹೆಂಡತಿ "ಮೀನು ಹಿಡಿಯೋಕೆ ಬಂದ್ಯೋ, ಮುಖ ನೋಡ್ಕೊಳ್ಳೋಕೆ ಬಂದ್ಯೋ" ಅಂದಳು. ನಾನು ಸುಮ್ನೆ ಕೈಯಲ್ಲೇ ದಾರ ಹಿಡಿದು ಏಳು ಗ್ರಾಮಿನ ಒಂದು ಲೂರ್, ಅಂದ್ರೆ ಕೊಕ್ಕೆ ಇರೋ ನಕಲಿ ಮೀನು, ಕೆಳಗೆ ಬಿಟ್ಟೆ. ಕಲ್ಲು ಬಿದ್ದ ಹಾಗೆ ಬಿತ್ತು, ಮೀನುಗಳೆಲ್ಲ ಚೆದುರಿದವು. ಆಮೇಲೆ ಎರೆಹುಳದ ಒಂದು ತುಂಡನ್ನು ಗಾಳ, ದಾರ ಏನೂ ಇಲ್ಲದೆ ಹಾಗೇ ಹಾಕಿದೆ. ಅದು ತೇಲಾಡ್ತಾ ನಿಧಾನವಾಗಿ ಇಳಿಯಿತು. ಒಂದು ಬ್ಲೂಗಿಲ್ ಬಂತು, ಹುಳದ ಮುಂದೆ ಒಂದೆರಡು ಸೆಕೆಂಡು ನಿಂತಲ್ಲೇ ನಿಂತು ದಿಟ್ಟಿಸಿತು, ಆಮೇಲೆ ಬಾಯಿ ತೆರೆದು ನೀರಿನ ಸಮೇತ ಹೀರಿಕೊಂಡಿತು. ಕಚ್ಚಲಿಲ್ಲ, ಹೀರಿತು. ಇಷ್ಟವಾಗದಿದ್ದರೆ ಅಷ್ಟೇ ಬೇಗ ಉಗುಳುತ್ತೆ, ಅದನ್ನೂ ನೋಡಿದೆ.

ಅವತ್ತಿನಿಂದ ಲೂರ್ ಕೊಳ್ಳುವಾಗ ನಾನು ಮೊದಲು ಕೇಳೋದು ತೂಕ. ಬಣ್ಣ ಆಮೇಲೆ. ಹೀರಿಕೊಳ್ಳೋ ಮೀನಿಗೆ ಭಾರದ ವಸ್ತು ಬಾಯೊಳಗೆ ಹೋಗೋದೇ ಇಲ್ಲ, ಜೊತೆಗೆ ಅದಕ್ಕೆ ನಿಂತು ನೋಡೋಕೆ ಟೈಮ್ ಬೇಕು, ಬೇಗ ಮುಳುಗಿದರೆ ಆ ಟೈಮೂ ಸಿಗೋದಿಲ್ಲ.

ನನ್ನ ಡಬ್ಬಿಯಲ್ಲಿ ಈಗ ಜಾಸ್ತಿ ಇರೋದು 1/32 ಔನ್ಸಿನ ಜಿಗ್, ಅಂದ್ರೆ ಒಂದು ಗ್ರಾಮಿಗೂ ಸ್ವಲ್ಪ ಕಡಿಮೆ. ಜಿಗ್ ಅಂದ್ರೆ ಬೇರೇನಲ್ಲ, ಕೊಕ್ಕೆಯ ಕುತ್ತಿಗೆಗೇ ಸಣ್ಣ ಗುಂಡು ಎರಕ ಹೊಯ್ದಿರ್ತಾರೆ. ಮೀನು ಮಂಕಾಗಿದ್ದಾಗ 1/64, ಗಾಳಿ ಇದ್ದಾಗ ಅಥವಾ ಆಳ ಜಾಸ್ತಿ ಇದ್ದಾಗ 1/16. ಅದಕ್ಕಿಂತ ಭಾರದ್ದು ಬ್ಲೂಗಿಲ್‌ಗೆ ನಾನು ಹಾಕೋದೇ ಇಲ್ಲ. ಕೊಕ್ಕೆ 8 ಅಥವಾ 10ನೇ ನಂಬರು. ಇದರಲ್ಲಿ ನಾನು ಮೋಸ ಹೋಗಿದ್ದೆ, ನಂಬರು ದೊಡ್ಡದಾದಷ್ಟೂ ಕೊಕ್ಕೆ ಸಣ್ಣದಾಗುತ್ತೆ, ನಾನು ಉಲ್ಟಾ ತಿಳ್ಕೊಂಡು 2ನೇ ನಂಬರಿನ ಪ್ಯಾಕೆಟ್ ತಂದಿದ್ದೆ.

ಗ್ರಾಂ ತೂಕದ್ದನ್ನು ಹತ್ತು ಪೌಂಡ್ ದಾರದಲ್ಲಿ ಎಸೆಯೋಕೆ ಹೋದ್ರೆ ಅದು ಕಾಲ ಬುಡದಲ್ಲೇ ಬೀಳುತ್ತೆ. ದಪ್ಪ ದಾರ ರೀಲಿನಿಂದ ಸ್ಪ್ರಿಂಗಿನ ಥರ ಸುರುಳಿ ಸುರುಳಿಯಾಗಿ ಬರುತ್ತೆ, ಜಿಗ್‌ಗೆ ಅದನ್ನು ಎಳೆದುಕೊಂಡು ಹೋಗೋ ಶಕ್ತಿ ಇಲ್ಲ. ಹಾಗಾಗಿ ಆರು ಅಡಿಯ ಅಲ್ಟ್ರಾಲೈಟ್ (ತೀರಾ ಹಗುರದ) ರಾಡು, 1000 ಸೈಜಿನ ಸಣ್ಣ ರೀಲು, ನಾಲ್ಕು ಪೌಂಡಿನ ಮಾಮೂಲಿ ನೈಲಾನ್ ದಾರ ತಗೊಂಡೆ. ಬ್ರೇಡೆಡ್, ಅಂದ್ರೆ ಎಳೆಗಳನ್ನು ಹೆಣೆದ ದಾರ ಒಂದು ಸಲ ಹಾಕಿ ನೋಡಿದೆ, ಗಾಳಿಗೆ ಗಂಟು ಬಿದ್ದು ಅರ್ಧ ದಿನ ಅದನ್ನೇ ಬಿಡಿಸ್ತಾ ಕೂತಿದ್ದೆ, ಸಾಕಪ್ಪ ಅನ್ನಿಸಿತು. ರಾಡಿನ ತುದಿ ಬಳುಕಬೇಕು, ಅದೇ ಮುಖ್ಯ. ರೀಲಿಗೆ ದುಡ್ಡು ಸುರಿಯೋದು ಬೇಡ, ಕಾಲು ಕಿಲೋ ಮೀನು ಯಾವ ರೀಲನ್ನೂ ಮುರಿಯೋದಿಲ್ಲ.

ಇನ್ನು ಮೀನು ಕಚ್ಚಿದ್ದು ತೋರಿಸೋ, ನೀರ ಮೇಲೆ ತೇಲೋ ಬೆಂಡು. ಕೆಂಪು ಬಿಳಿಯ ದುಂಡನೆ ಪ್ಲಾಸ್ಟಿಕ್ ಬಾಬರ್ ಎಲ್ಲಾ ಅಂಗಡಿಯಲ್ಲೂ ಇರುತ್ತೆ, ಮಕ್ಕಳ ಸೆಟ್‌ನಲ್ಲೂ ಅದೇ. ಅದು ನೀರೊಳಗೆ ಎಳೆಯೋಕೆ ಗಟ್ಟಿ, ಮೀನಿಗೆ ಜಗ್ಗಿದ ಹಾಗೆ ಆಗಿ ಉಗುಳಿಬಿಡುತ್ತೆ. ಊರಲ್ಲಿ ನಾವು ನವಿಲುಗರಿಯ ದಂಟು ಕಟ್ತಿದ್ವಲ್ಲ, ಅದು ಎಷ್ಟು ಸರಿಯಾಗಿತ್ತು ಅಂತ ಆಗ ಅರ್ಥವಾಯ್ತು. ಈಗ ಪೆನ್ಸಿಲ್‌ನಂತೆ ತೆಳ್ಳಗಿರುವ ಹಗುರ ಮರದ ಬೆಂಡು ಬಳಸ್ತೀನಿ, ಬರೀ ತುದಿ ಮೇಲೆ ಕಾಣೋ ಹಾಗೆ ಕೆಳಗೆ ಒಂದೆರಡು ಸಣ್ಣ ಗುಂಡು ಹಾಕಿ. ಆಳ ಐದಾರು ಅಡಿ ದಾಟಿದರೆ ದಾರದ ಮೇಲೆ ಜಾರುವ ಬೆಂಡು, ಎಷ್ಟು ಆಳಕ್ಕೆ ಬೇಕೋ ಅಲ್ಲಿ ಒಂದು ನೂಲಿನ ಗಂಟು. ಗುಂಡು ಸೀಸದ್ದಲ್ಲ, ತವರದ್ದು. ಇಲ್ಲಿನ ರಾಜ್ಯ ಪಕ್ಷಿ ಲೂನ್ ಕೆರೆ ತಳದ ಕಲ್ಲು ನುಂಗುವಾಗ ಸೀಸದ ಗುಂಡನ್ನೂ ನುಂಗಿ ವಿಷವೇರಿ ಸಾಯುತ್ತೆ.

ಜಿಗ್‌ಗೆ ಏರಿಸೋದು ಒಂದಿಂಚಿನ ಮೆದು ಪ್ಲಾಸ್ಟಿಕ್ ಹುಳ. ಬಾಲ ಉದ್ದ ಇದ್ದದ್ದು ಚೆಂದ ಕಾಣುತ್ತೆ, ಬ್ಲೂಗಿಲ್ ಬಂದು ಬಾಲ ಮಾತ್ರ ಕಿತ್ಕೊಂಡು ಹೋಗುತ್ತೆ. ಮೊಂಡು ಬಾಲದ್ದೇ ವಾಸಿ. ಅದಕ್ಕೂ ವಾಸಿ ಮರಬೂ ಅನ್ನೋ ಮೆತ್ತನೆ ಪುಕ್ಕ ಕಟ್ಟಿದ ಜಿಗ್, ನಿಂತಲ್ಲೇ ನಿಂತರೂ ಪುಕ್ಕ ಉಸಿರಾಡೋ ಹಾಗೆ ಅಲ್ಲಾಡ್ತಾ ಇರುತ್ತೆ, ಹರಿಯೋದೂ ಇಲ್ಲ. ಗಂಟು ಕೊಕ್ಕೆಯ ಕಣ್ಣಿನ ನಡುವೆ ಕೂತು ಜಿಗ್ ಅಡ್ಡಡ್ಡ ತೂಗ್ತಾ ಇರಬೇಕು. ಪ್ರತಿ ಮೀನಿನ ನಂತರ ಗಂಟು ಜಾರಿ ಜಿಗ್ ನೇತಾಡುತ್ತೆ, ಬೆರಳಲ್ಲಿ ಸರಿಮಾಡಿ. ಇದನ್ನು ಮರೆತಾಗಲೆಲ್ಲ ನನಗೆ ಕಚ್ಚೋದು ನಿಂತಿದೆ.

ಬಣ್ಣದ ವಿಷಯಕ್ಕೆ ಮೂರು ಸಾಕು: ತಿಳಿನೀರಿಗೆ ಬಿಳಿ ಅಥವಾ ಕಂದು, ಕಲಕು ನೀರಿಗೆ ಎದ್ದು ಕಾಣೋ ಎಳೆನಿಂಬೆ ಬಣ್ಣ, ಸಂಜೆಗೆ ಕಪ್ಪು. ಉಳಿದ ಬಣ್ಣಗಳು ಮೀನಿಗಿಂತ ಜಾಸ್ತಿ ನಮ್ಮಂಥವರನ್ನೇ ಹಿಡಿಯೋದು.

ಕ್ರಾಪಿಯ ಕಥೆ ಸ್ವಲ್ಪ ಬೇರೆ. (ಬರೆದಿರೋ ಹಾಗೆ ಕ್ರ್ಯಾಪಿ ಅಂದ್ರೆ ಇಲ್ಲಿ ನಗ್ತಾರೆ.) ಬಾಯಿ ದೊಡ್ಡದು, ಹಾಗಾಗಿ ಎರಡಿಂಚಿನ ಪ್ಲಾಸ್ಟಿಕ್, 1/16 ಔನ್ಸ್ ನಡೆಯುತ್ತೆ. ಆದರೆ ಬಾಯಿಯ ಚರ್ಮ ಕಾಗದದಷ್ಟು ತೆಳು. ಕಚ್ಚಿತು ಅಂತ ಜೋರಾಗಿ ಎಳೆದರೆ ಹರಿದು ಹೋಗುತ್ತೆ, ರಾಡನ್ನು ಸುಮ್ಮನೆ ಎತ್ತಿದರೆ ಸಾಕು. ಅದರ ಕಣ್ಣು ಮೇಲಕ್ಕೆ ನೋಡುತ್ತೆ, ಜಿಗ್ ಯಾವಾಗಲೂ ಅದರ ತಲೆಗಿಂತ ಮೇಲಿರಬೇಕು. ಕೆಳಗೆ ಹೋದರೆ ಅದಕ್ಕೆ ಜಿಗ್ ಇಲ್ಲವೇ ಇಲ್ಲ.

ಎರೆಹುಳ ಬಿಟ್ಟಿದ್ದೀನಾ ಅಂತ ಕೇಳಿದರೆ, ಇಲ್ಲ. ಮಗ ಬಂದ ದಿನ ಎರೆಹುಳವೇ, ಅರ್ಧ ಇಂಚಿನ ತುಂಡು, ಕೊಕ್ಕೆ ಪೂರ್ತಿ ಮುಚ್ಚಬೇಕಾಗಿಲ್ಲ. ಬ್ಲೂಗಿಲ್ ಹುಳ ನುಂಗಿಬಿಡುತ್ತೆ ಅನ್ನೋದೊಂದೇ ತೊಂದರೆ, ಅದಕ್ಕೆ ಉದ್ದ ಕಾಂಡದ ಕೊಕ್ಕೆ ಹಾಕಿ, ಕೊಕ್ಕೆ ತುದಿಯ ಹಿಂಮುಳ್ಳನ್ನು ಇಕ್ಕಳದಲ್ಲಿ ಒತ್ತಿ ಚಪ್ಪಟೆ ಮಾಡಿಡ್ತೀನಿ. ಉಳಿದ ಹುಳ ಕಸದ ಬುಟ್ಟಿಗೆ, ಕೆರೆಗೂ ಅಲ್ಲ, ಮಣ್ಣಿಗೂ ಅಲ್ಲ. ಇಲ್ಲಿನ ಕಾಡಿಗೆ ಎರೆಹುಳ ಹೊರಗಿನದ್ದು, ತರಗೆಲೆಯ ಪದರವನ್ನೇ ತಿಂದು ಹಾಳುಮಾಡುತ್ತೆ. ರೈತನ ಮಿತ್ರ ಅಂತ ಓದಿ ಬಂದವನಿಗೆ ಇದನ್ನು ನಂಬೋಕೆ ಸ್ವಲ್ಪ ದಿನ ಹಿಡೀತು. ಹದಿನಾರು ತುಂಬಿದವರಿಗೆ ಲೈಸೆನ್ಸ್ ಬೇಕು, ದಿನಕ್ಕೆ ಎಷ್ಟು ಮೀನು ಅನ್ನೋದು ಕೆರೆಯಿಂದ ಕೆರೆಗೆ ಬದಲಾಗುತ್ತೆ, ದೋಣಿ ಇಳಿಸೋ ಜಾಗದ ಬೋರ್ಡ್ ಓದ್ಕೊಳ್ಳಿ.

ಮೇ ಕೊನೆಯಿಂದ ಜೂನ್‌ವರೆಗೆ ನೀರು 20 ಡಿಗ್ರಿ ಆಸುಪಾಸಿಗೆ ಬಂದಾಗ ದಡದ ಹತ್ತಿರ ತಟ್ಟೆಯಗಲದ ಗುಂಡಿಗಳು ಸಾಲಾಗಿ ಕಾಣುತ್ತವೆ. ಅದು ಬ್ಲೂಗಿಲ್ ಗೂಡು, ಗಂಡು ಕಾಯ್ತಾ ಇರುತ್ತೆ, ಏನು ಹಾಕಿದರೂ ಮೇಲೆ ಬೀಳುತ್ತೆ. ಒಂದು ವರ್ಷ ನಾನೂ ದುರಾಸೆಗೆ ದೊಡ್ಡ ದೊಡ್ಡ ಗಂಡುಗಳನ್ನೇ ಬುಟ್ಟಿಗೆ ಹಾಕಿದೆ. ದೊಡ್ಡ ಗಂಡು ಹೋದ ಕೆರೆಯಲ್ಲಿ ಸಣ್ಣ ಗಂಡುಗಳು ಬೆಳೆಯೋದು ಬಿಟ್ಟು ಬೇಗ ಮರಿ ಮಾಡೋಕೆ ಶುರು ಮಾಡ್ತವೆ, ಕೊನೆಗೆ ಎಲ್ಲ ಮೀನೂ ಮೂರು ಬೆರಳಗಲವೇ ಆಗುತ್ತೆ. ಈಗ ಎಂಟಿಂಚು ದಾಟಿದ್ದನ್ನು ನೀರಿಗೆ ಬಿಡ್ತೀನಿ, ಆರೇಳು ಇಂಚಿನವು ಐದಾರು ಮನೆಗೆ.

ಅವನ್ನು ಇಲ್ಲಿಯವರು ಮುಳ್ಳು ತೆಗೆದು ಬ್ರೆಡ್ ಪುಡಿಯಲ್ಲಿ ಕರಿಯುತ್ತಾರೆ. ನಮ್ಮ ಮನೆಯಲ್ಲಿ ತಲೆ, ಪೊರೆ ತೆಗೆದು, ಎರಡೂ ಬದಿ ಗೀರಿ, ಖಾರದ ಪುಡಿ, ಅರಿಸಿನ, ಹುಣಸೆ ರಸ ಹಚ್ಚಿ ಅರ್ಧ ಗಂಟೆ ಬಿಟ್ಟು, ರವೆಯಲ್ಲಿ ಹೊರಳಿಸಿ ಕಾವಲಿಗೆ. ನಮ್ಮ ಕಾವಲಿಯಲ್ಲಿ ಒಂದು ಸಲಕ್ಕೆ ನಾಲ್ಕು ಹಿಡಿಸುತ್ತೆ.